ಹಿಂದುಮುಂದಾದ ಹಕ್ಕಿ

ಫೆಬ್ರವರಿ 6, ಸೋಮವಾರ

ಕೈಗೆ ಹಾಕಿದ್ದ ಪ್ಲಾಸ್ಟರ್ ತೆಗೆದರು. ಮಣಿಕಟ್ಟು ಒಣಗಿದ ಸೋರೆಕಾಯಿಯ ಹಾಗಾಗಿದೆ. ಬೆರಳು ಸರಿಯಾಗಿ ಬಗ್ಗಬೇಕಾದರೆ ದಿನಾ ಏನಾದರೂ ಬರೆಯಿರಿ ಅಂದರು ಡಾಕ್ಟರು. ಏನು ಬರೆಯಲಿ ಅಂದೆ. ಮನಸ್ಸಿಗೆ ಬಂದದ್ದು ಬರೆಯಿರಿ ಅಜ್ಜಿ ಅಂದರು. ಮನಸ್ಸಿಗೆ ಬಂದದ್ದನ್ನೆಲ್ಲ ಬರೆದಿಟ್ಟರೆ ಈ ಮನೆಯಲ್ಲಿ ಒಲೆ ಹತ್ತುವುದಿಲ್ಲ ಎಂದು ಅವರಿಗೇನು ಗೊತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ಕಂಡರೆ ಈಗಲೂ ಪೆನ್ನು ಎಡವುತ್ತದೆ. ಮೊಮ್ಮಗಳು ಪುಟ್ಟಿಯ ಹೋದ ವರ್ಷದ ಲೆಕ್ಕದ ಪುಸ್ತಕದಲ್ಲಿ ಹಾಳೆ ಉಳಿದಿದ್ದವು, ಅದರಲ್ಲೇ ಗೀಚುತ್ತಿದ್ದೇನೆ.

ಇವತ್ತು ಸೊಸೆ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಮನೆಮನೆಗೆ ಹೋಗಿ ರಕ್ತ ತೆಗೆದು, ಐಸಿನ ಡಬ್ಬಿಯಲ್ಲಿಟ್ಟುಕೊಂಡು, ಪರೀಕ್ಷೆ ಮಾಡುವ ಲ್ಯಾಬಿಗೆ ಮುಟ್ಟಿಸುವ ಕೆಲಸ. ಇಷ್ಟು ವರ್ಷ ಅತ್ತೆಯ ರಕ್ತ ಹೀರಿದ್ದು ಸಾಲದೆ ಊರವರದ್ದಕ್ಕೂ ಕೈ ಹಾಕಿದಳು. ಒಂದು ತಿಂಗಳು ನೋಡುತ್ತಾರಂತೆ. ಸರಿ ಬಂದರೆ ಖಾಯಂ, ಇಲ್ಲದಿದ್ದರೆ ಮನೆ. ಮನೆಗೇ ಬಂದರೂ ನನಗೇನೂ ಬೇಜಾರಿಲ್ಲ.

ಅದಕ್ಕೆ ನಮ್ಮನೆಯವರ ಸೈಕಲ್ಲೇ ಆಗಬೇಕಂತೆ. ಅವರು ಹೋದಮೇಲೆ ಅದು ಮೆಟ್ಟಿಲ ಕೆಳಗೆ ಹಳೆ ದುಪ್ಪಟಿ ಹೊದ್ದುಕೊಂಡು ತನ್ನ ಪಾಡಿಗೆ ನಿಂತಿತ್ತು. ಮಗ ದೂರದಲ್ಲಿ ಸೇತುವೆ ಕಟ್ಟುವ ಕಡೆ ಇದ್ದಾನೆ, ಅಲ್ಲಿಂದಲೇ ಫೋನು ಮಾಡಿ, "ಅಮ್ಮಾ, ನಾನು ಬರೋ ತನಕ ಕೊಡು, ಬಂದಮೇಲೆ ಹೊಸದು ತರೋಣ" ಎಂದು ಗೋಗರೆದ. ಕೊಟ್ಟೆ. ಬೆಲ್ಲು ಮಾತ್ರ ಮುಟ್ಟಬೇಡ ಎಂದು ಸೊಸೆಗೆ ಹೇಳಿದೆ. ಅವರು ಪಂಪ್‌ಹೌಸಿನ ಕೆಲಸ ಮುಗಿಸಿ ಬರುವಾಗ ಬೀದಿಯ ತಿರುವಿನಲ್ಲಿ ಎರಡು ಸಲ ಬೆಲ್ಲು ಹೊಡೆಯುತ್ತಿದ್ದರು, ನಾನು ಟೀಗೆ ನೀರಿಡುತ್ತಿದ್ದೆ. ಆ ಸದ್ದು ಈಗ ಕೇಳಿಸಿದರೆ ನನ್ನ ಕೈ ತಾನಾಗಿ ಪಾತ್ರೆಗೆ ಹೋಗುತ್ತದೆ. ಅದೆಲ್ಲ ಬೇಡ.

"ಯಾರಾದ್ರೂ ಅಡ್ಡ ಬಂದ್ರೆ ಅತ್ತೆ?" ಅಂದಳು.

"ಬಾಯಿದೆಯಲ್ಲ, ಕೂಗು."

ಫೆಬ್ರವರಿ 7, ಮಂಗಳವಾರ

ಚೈನು ಬಿತ್ತಂತೆ. ಎರಡನೇ ದಿನಕ್ಕೇ.

ಫೆಬ್ರವರಿ 10, ಶುಕ್ರವಾರ

ಮತ್ತೆ ಬಿತ್ತು. ಬಂದವಳ ಕೈ ನೋಡಬೇಕಿತ್ತು, ಇದ್ದಿಲು ಮಾರುವವಳ ಹಾಗೆ. ನನ್ನ ಒಳ್ಳೆಯ ಸೋಪು ಅರ್ಧ ಕರಗಿತು.

"ಅದೆಂಥಾ ತುಳಿತವೋ ನಿಂದು. ಅವರ ಕಾಲದಲ್ಲಿ ಒಂದು ದಿನ ಬಿದ್ದ ಚೈನಲ್ಲ ಅದು" ಅಂದೆ.

"ಮಾವ ತುಳಿದೂ ತುಳಿದೂ ಸವೆಸಿಟ್ಟರು ಅತ್ತೆ. ನಾನು ಬೀಳಿಸ್ತಿದೀನಿ ಅಷ್ಟೆ."

ಸೂಜಿ ಕೈಯಲ್ಲಿದ್ದರೆ ಸಾಲದೆ? ನಾಲಿಗೆಯಲ್ಲೂ ಇಟ್ಟುಕೊಂಡಿದ್ದಾಳೆ.

ಬೀದಿಯ ತಿರುವಿನಿಂದಲೇ ಸೈಕಲ್ಲಿನ ಸದ್ದು ಕೇಳಿಸುತ್ತದೆ. ಕಟಕ್, ಸ್ವಲ್ಪ ಸುಮ್ಮನೆ, ಮತ್ತೆ ಕಟಕ್. ಕುಂಟು ಕುದುರೆ ಬಂದ ಹಾಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಫೆಬ್ರವರಿ 12, ಭಾನುವಾರ

ಇವತ್ತು ನನ್ನ ಕೈ ಒಂದು ಕೆಲಸಕ್ಕೆ ಬಂತು. ಸೊಸೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಪುಟ್ಟಿಯ ಕೈಲಿ ಸೈಕಲ್ಲನ್ನು ಅಂಗಳಕ್ಕೆ ಎಳೆಸಿದೆ. ಒರೆಸುವುದಕ್ಕೆ ಅವರ ಹಳೆಯ ಶರ್ಟೊಂದನ್ನು ಹರಿದೆ. ಪುಟ್ಟಿ ಪೆಡಲು ತಿರುಗಿಸಿದಳು, ನಾನು ಚೈನಿನ ಮೇಲೆ ಧಾರಾಳವಾಗಿ ಹರಳೆಣ್ಣೆ ಹೊಯ್ದೆ. ಒಣಗಿದ್ದಕ್ಕೆಲ್ಲ ಹರಳೆಣ್ಣೆಯೇ ಮದ್ದು. ಕೂದಲಿಗಾಯಿತು, ಹಿಮ್ಮಡಿಗಾಯಿತು, ಬಾಗಿಲ ಕೀಲಿಗಾಯಿತು, ಚೈನಿಗೆ ಯಾಕಾಗಬಾರದು?

ಪೆಡಲಿನ ಪಕ್ಕದ ದೊಡ್ಡ ಹಲ್ಲಿನ ಚಕ್ರದಲ್ಲಿ ಹಕ್ಕಿಯ ಆಕಾರ ಕೊರೆದಿದೆ. ರೆಕ್ಕೆ ಬಿಚ್ಚಿದ ಹಕ್ಕಿ. ಪುಟ್ಟಿ ಪೆಡಲು ತಿರುಗಿಸಿದಾಗ ಅದು ಪಲ್ಟಿ ಹೊಡೆಯುತ್ತಾ ಹೋಯಿತು. "ಅಜ್ಜೀ, ಹಕ್ಕಿ ಎಲ್ಲಿಗೆ ಹೋಗ್ತಿದೆ?" ಅಂದಳು. ಅವಳಪ್ಪನೂ ಚಿಕ್ಕವನಿದ್ದಾಗ ಇದನ್ನೇ ಕೇಳುತ್ತಿದ್ದ. "ಪಂಪ್‌ಹೌಸಿಗೆ" ಅನ್ನುತ್ತಿದ್ದರು ಇವರು. ಅಂಗಡಿಯಲ್ಲಿ ಅಷ್ಟೊಂದು ಸೈಕಲ್ಲಿದ್ದರೂ ಹಕ್ಕಿ ಇದ್ದದ್ದೇ ಬೇಕು ಎಂದು ಹಟ ಹಿಡಿದವಳು ನಾನು. ಸೈಕಲ್ಲಿನ ಬಗ್ಗೆ ನನಗೆ ಬೇರೇನೂ ಗೊತ್ತಿರಲಿಲ್ಲ, ಹಕ್ಕಿ ಗೊತ್ತಿತ್ತು.

ಎಣ್ಣೆ ಹಾಕಿದ್ದು ಸೊಸೆಗೆ ಹೇಳಲಿಲ್ಲ. ನಾಳೆ ಚೈನು ನೆಟ್ಟಗಾದಾಗ ತಾನಾಗಿ ಕೇಳಲಿ.

ಫೆಬ್ರವರಿ 14, ಮಂಗಳವಾರ

ಕೇಳಿದಳು. ಕೇಳಿದ ರೀತಿ ಬೇರೆ.

ಬೀದಿಯ ಧೂಳೆಲ್ಲ ಎದ್ದು ಬಂದು ಚೈನಿನ ಮೇಲೆ ಕೂತಿದೆ. ಚೈನು ಹೋಗಿ ಕಂಬಳಿಹುಳ ಆಗಿದೆ. ಅವಳ ಕೆಲಸದ ಬಟ್ಟೆಯ ಕಾಲಿಗೆಲ್ಲ ಮಸಿ. ಸಂಜೆ ಸೈಕಲ್ ಅಂಗಡಿಗೆ ಹೊರಟಳು, ನಾನೂ ಹೊರಟೆ. ತಪ್ಪು ಅವಳ ತುಳಿತದ್ದೇ ಎಂದು ಅವನ ಬಾಯಿಂದಲೇ ಕೇಳಿಸಬೇಕಿತ್ತು.

ಅಂಗಡಿಯವನಿಗೆ ನೋಡೋಣಪ್ಪ ಎಂದು ಹೆಸರಿಟ್ಟವಳು ನಾನೇ. ಯಾವಾಗ ಆಗುತ್ತೆ ಅಂದರೂ ನೋಡೋಣ, ಆಗುತ್ತಾ ಅಂದರೂ ನೋಡೋಣ. ಅವನ ಮದುವೆಯ ದಿನವೂ ಹಾಗೇ ಅಂದಿರಬೇಕು. ಒಂದು ಬೆರಳಲ್ಲಿ ಚೈನು ಮುಟ್ಟಿ ಮೂಸಿ ನೋಡಿದ.

"ಏನು ಹಾಕಿದ್ರಿ ಇದಕ್ಕೆ?"

ನಾನು ಗೋಡೆಗೆ ನೇತುಹಾಕಿದ್ದ ಟೈರು ಎಣಿಸತೊಡಗಿದೆ. ಸೊಸೆ ನನ್ನ ಕಡೆ ನೋಡಲೂ ಇಲ್ಲ. "ಹರಳೆಣ್ಣೆ. ನಾನೇ ಹಾಕಿದೆ, ಗೊತ್ತಾಗ್ಲಿಲ್ಲ" ಅಂದುಬಿಟ್ಟಳು.

"ಅಕ್ಕಾ, ಇದು ಚೈನು. ಜಡೆ ಅಲ್ಲ!"

"ಜಡೆ ಆಗಿದ್ರೆ ಇಷ್ಟು ಸಲ ಬಿಚ್ಚಿಕೊಳ್ತಿರಲಿಲ್ಲ" ಅಂದಳು ಅವಳು. ಅವನು ನಕ್ಕ. ಹಿರಿಯರು ಎಲ್ಲದಕ್ಕೂ ಬಾಯಿ ಹಾಕಬಾರದು.

ಸೀಮೆಎಣ್ಣೆಯಲ್ಲಿ ಚೈನು ತೊಳೆದ. ಜೋತುಬಿದ್ದಿದೆ ಎಂದು ಹಿಂದಿನ ಗಾಲಿಯನ್ನು ಸ್ವಲ್ಪ ಹಿಂದಕ್ಕೆ ಎಳೆದು ಬಿಗಿ ಮಾಡಿದ. ಇನ್ನು ಬೀಳಲ್ಲವಾ ಅಂದೆ. "ನೋಡೋಣ" ಅಂದ.

ಫೆಬ್ರವರಿ 16, ಗುರುವಾರ

ನೋಡಿದ್ದಾಯಿತು. ಬಿತ್ತು.

ಫೆಬ್ರವರಿ 18, ಶನಿವಾರ

ಅಕ್ಷರ ಸೊಟ್ಟಗಾದರೆ ಆಗಲಿ.

ನಿನ್ನೆ ಹೊಸ ಚೈನು ಹಾಕಿಸಿಕೊಂಡು ಬಂದಳು. ಥಳಥಳ ಹೊಳೆಯುತ್ತಿತ್ತು. ಇನ್ನಾದರೂ ಸೋಪು ಉಳಿಯಿತು ಎಂದುಕೊಂಡೆ. ಇವತ್ತು ಏರಿನಲ್ಲಿ ಎದ್ದು ನಿಂತು ತುಳಿದಿದ್ದಾಳೆ, ಹೊಸ ಚೈನು ಹಲ್ಲಿನ ಮೇಲೆ ಕೂರದೆ ಎಗರಿದೆ. ಪೆಡಲು ಒಮ್ಮೆಲೇ ಹಗುರಾಗಿ ಕಾಲು ಜಾರಿ ಬಿದ್ದಿದ್ದಾಳೆ. ಮೊಣಕೈ, ಮಂಡಿ ಎರಡೂ ತರಚಿವೆ. ಹೆಗಲಿಗೆ ತೂಗುಹಾಕಿಕೊಂಡಿದ್ದ ಡಬ್ಬಿಯನ್ನು ಮಾತ್ರ ಎದೆಗವಚಿಕೊಂಡೇ ಬಿದ್ದಳಂತೆ. ಒಂದು ಶೀಶೆ ಒಡೆದಿಲ್ಲ. ಊರವರ ರಕ್ತ ಒಂದು ಹನಿ ಚೆಲ್ಲಲಿಲ್ಲ, ತನ್ನದು ಮೊಣಕೈಯಿಂದ ಇಳಿಯುತ್ತಿತ್ತು.

ಅಷ್ಟಾದರೂ ತಡವಾಯಿತು ಎಂದು ಲ್ಯಾಬಿನ ಮೇಡಂ ಗದರಿದ್ದಾಳೆ. ತಡವಾದರೆ ರಕ್ತ ಕೆಡುತ್ತದಂತೆ, ರೋಗಿಗೆ ಮತ್ತೆ ಚುಚ್ಚಬೇಕಾಗುತ್ತದಂತೆ. ಇನ್ನೊಂದು ಸಲ ತಡವಾದರೆ ಬರುವುದೇ ಬೇಡ ಅಂದಳಂತೆ. ಮೊಣಕೈಗೆ ಮುಲಾಮು ಹಚ್ಚುತ್ತಾ ಕೇಳಿದೆ:

"ನಿನ್ನ ಕೈ ನೋಡಿದಳೋ ಇಲ್ಲವೋ ಆ ಮಹರಾಯಿತಿ?"

"ಡಬ್ಬಿ ನೋಡಿದ್ರು ಅತ್ತೆ."

"ಕಣ್ಣು ಪರೀಕ್ಷೆ ಮಾಡಿಸ್ಕೊ ಅನ್ನು. ನಿಮ್ಮಲ್ಲೇ ಮಾಡ್ತಾರಲ್ಲ."

"ನಮ್ಮಲ್ಲಿ ರಕ್ತ ಮಾತ್ರ ಅತ್ತೆ."

"ಹಾಗಾದ್ರೆ ರಕ್ತ ಪರೀಕ್ಷೆ ಮಾಡಿಸ್ಲಿ. ಇದೆಯೋ ಇಲ್ಲವೋ ಗೊತ್ತಾಗ್ಲಿ."

ನಕ್ಕಳು. ನಗುವಾಗ ಉರಿಯಿತೇನೋ, ಕಣ್ಣಲ್ಲಿ ನೀರೂ ಬಂತು. ನಮ್ಮ ಮನೆಯವಳನ್ನು ಬೈಯುವುದಕ್ಕೆ ನಾನಿದ್ದೇನೆ, ಸಾಕು. ಇನ್ನೊಬ್ಬಳು ಬೇಕಾಗಿಲ್ಲ.

ಫೆಬ್ರವರಿ 20, ಸೋಮವಾರ

ಮತ್ತೆ ನೋಡೋಣಪ್ಪನ ಅಂಗಡಿ. ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ ಬಗ್ಗಿ ನೋಡಿದವನು ತಲೆ ಎತ್ತಿ ನೇರ ನನ್ನ ಮುಖವನ್ನೇ ನೋಡಿ, "ಹಲ್ಲೆಲ್ಲ ಸವೆದು ಹೋಗಿದೆ ಅಜ್ಜಿ" ಅಂದ.

"ಸವೆದರೆ ನಿನಗೇನೋ ಕಷ್ಟ? ನಿನ್ನ ಮನೆಗೆ ಊಟಕ್ಕೆ ಬಂದಿದ್ದೀನಾ? ಕಟ್ಟಿಸಿಕೊಂಡ ಹಲ್ಲು ಮನೇಲಿದೆ, ಬೇಕಾದಾಗ ಹಾಕ್ಕೋತೀನಿ" ಅಂದೆ.

ಅವನ ಮುಖ ಕೆಂಪಾಯಿತು. ಸೊಸೆ ಗೋಡೆಗೆ ತಿರುಗಿಕೊಂಡಳು, ಬೆನ್ನು ಕುಲುಕುತ್ತಿತ್ತು. ಅವನು ಹೇಳಿದ್ದು ಹಕ್ಕಿ ಇರುವ ಚಕ್ರದ ಹಲ್ಲಂತೆ. ಹಾಗಾದರೆ ಚಕ್ರದ ಮುಖ ನೋಡಿ ಹೇಳಬೇಕು.

ಚೈನನ್ನು ಎರಡು ಬೆರಳಲ್ಲಿ ಹಿಡಿದು ಮುಂದಕ್ಕೆ ಎಳೆದು ತೋರಿಸಿದ. ಸರಿಯಾದ ಹಲ್ಲಾದರೆ ಚೈನು ಅಲ್ಲಾಡಬಾರದಂತೆ. ಇದು ಎದ್ದು ಬಂತು, ನಡುವೆ ಆಚೆಯ ಬೆಳಕು ಕಾಣಿಸಿತು. ಒಂದೊಂದು ಹಲ್ಲೂ ಒಂದು ಪಕ್ಕ ತೇದು ಬೆಕ್ಕಿನ ಉಗುರಿನ ಹಾಗೆ ಬಾಗಿದೆ. ಹಳೆಯ ಚೈನೂ ಜೊತೆಯಲ್ಲೇ ಸವೆದು ಉದ್ದವಾಗಿತ್ತು, ಹೇಗೋ ಒಂದಕ್ಕೊಂದು ಹೊಂದಿಕೊಂಡು ನಡೆಸುತ್ತಿದ್ದವು. ಅದೂ ಮಿತಿಮೀರಿದಾಗ ಬೀಳತೊಡಗಿತು. ಹೊಸ ಚೈನಿಗೆ ಈ ಹಲ್ಲು ಒಗ್ಗುವುದೇ ಇಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಬಾಯಿಗೆ ಸಂಬಂಧಪಟ್ಟದ್ದು ಎಂದೇ ಇಷ್ಟು ದಿನ ತಿಳಿದಿದ್ದೆ.

"ಹಾಗಾದ್ರೆ ಇವಳ ತುಳಿತ?" ಅಂದೆ.

"ಅಕ್ಕನ ತುಳಿತಕ್ಕೇನಾಗಿದೆ? ಚೆನ್ನಾಗೇ ತುಳೀತಾರೆ."

ಹಿಂದಿನ ಗಾಲಿಯ ಹಲ್ಲಿನ ಬಿಲ್ಲೆಯನ್ನೂ ಬದಲಾಯಿಸಬೇಕು, ಮುಂದಿನ ಚಕ್ರವನ್ನೂ ಬದಲಾಯಿಸಬೇಕು ಅಂದ. ಹಿಂದಿನದನ್ನು ಧಾರಾಳವಾಗಿ ಬಿಸಾಕು, ಅದರಲ್ಲಿ ಹಕ್ಕಿಯಿಲ್ಲ ಅಂದೆ. ಮುಂದಿನದು? ಇಂಥ ಹಕ್ಕಿ ಈಗ ಎಲ್ಲೂ ಸಿಗುವುದಿಲ್ಲವಂತೆ. ಈಗಿನ ಚಕ್ರ ಬೋಳು.

ಆಗಲ್ಲ ಅಂದೆ. ಹಕ್ಕಿ ತೆಗೆದರೆ ಅದು ಅವರ ಸೈಕಲ್ಲೇ ಅಲ್ಲ.

ಸೊಸೆ ಹೊಸ ಚೈನನ್ನು ಬಿಚ್ಚಿಸಿ ಅದರ ರಟ್ಟಿನ ಡಬ್ಬಿಯಲ್ಲಿ ಹಾಕಿಸಿಕೊಂಡು, ಅಂಗಡಿಯಲ್ಲೇ ಬಿದ್ದಿದ್ದ ಹಳೆಯದನ್ನೇ ಮತ್ತೆ ಏರಿಸಿದಳು. ದಾರಿಯುದ್ದಕ್ಕೂ ಸೈಕಲ್ಲು ತಳ್ಳುತ್ತಾ ನನ್ನ ಪಕ್ಕ ನಡೆದಳು. ಒಂದು ಮಾತು ಎದುರಾಡಿದ್ದರೆ ನಾನೂ ನಾಲ್ಕು ಆಡಿ ಹಗುರಾಗುತ್ತಿದ್ದೆ. ಆಡಲಿಲ್ಲ. ಜಿಗುಟು ಹೆಣ್ಣು.

ಫೆಬ್ರವರಿ 23, ಗುರುವಾರ

ಇನ್ನೂ ಕತ್ತಲಿರುವಾಗಲೇ ಎದ್ದು ಹೋಗುತ್ತಾಳೆ. ಪುಟ್ಟಿಗೆ ಜಡೆ ಹಾಕುವುದು, ಶಾಲೆಗೆ ಬಿಡುವುದು ನನ್ನ ಪಾಲಿಗೆ. ಬೆರಳಿಗೆ ಬರೆಯುವುದಕ್ಕಿಂತ ಜಡೆ ಒಳ್ಳೆಯ ಕಸರತ್ತು. ಆ ಹುಡುಗಿಯ ತಲೆ ಒಂದು ಕಡೆ ನಿಲ್ಲುವುದಿಲ್ಲ.

"ಅಮ್ಮ ಸೈಕಲ್ ಹೊಡೆಯಲ್ಲ ಅಜ್ಜಿ, ಸೈಕಲ್ ಜೊತೆ ಓಡ್ತಾಳೆ" ಅಂದಳು ದಾರಿಯಲ್ಲಿ.

"ಏನೇ ಅದು?"

"ನಮ್ಮ ಸ್ಕೂಲ್ ಮುಂದೆ ಏರು ಇದೆಯಲ್ಲ, ಅಲ್ಲಿ ಇಳಿದು ಓಡ್ತಾಳೆ. ನಮ್ಮ ಕ್ಲಾಸಿನವರೆಲ್ಲ ನೋಡಿದ್ದಾರೆ."

ಮಕ್ಕಳ ಮಾತು, ನಂಬುವ ಹಾಗಿಲ್ಲ.

ಫೆಬ್ರವರಿ 25, ಶನಿವಾರ

ನಂಬಬೇಕಾಯಿತು. ಪುಟ್ಟಿಯನ್ನು ಶಾಲೆಗೆ ಬಿಟ್ಟು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತೆ. ಮಂಡಿ ನೋಯುತ್ತಿತ್ತು, ಅದಕ್ಕೇ ಕೂತದ್ದು.

ಬಂದಳು. ಏರು ಶುರುವಾಗುವ ಕಡೆ ಕಟಕ್ ಎಂದು ಚೈನು ಬಿತ್ತು. ಇಳಿದಳು, ಬಗ್ಗಿದಳು, ಏರಿಸಿದಳು. ನಾಲ್ಕು ಮಾರು ಹೋಗುವುದರೊಳಗೆ ಮತ್ತೆ ಬಿತ್ತು. ಈ ಸಲ ಏರಿಸಲಿಲ್ಲ. ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದು ಕೈ ಹೆಗಲಿನ ಡಬ್ಬಿಯ ಮೇಲೆ, ಏರಿನುದ್ದಕ್ಕೂ ಓಡಿದಳು. ಮೊಣಕೈಯ ಗಾಯಕ್ಕೆ ಕಟ್ಟಿದ್ದ ಪಟ್ಟಿ ಅರ್ಧ ಬಿಚ್ಚಿ ಗಾಳಿಯಲ್ಲಿ ಹಾರುತ್ತಿತ್ತು. ನನ್ನನ್ನು ನೋಡಲಿಲ್ಲ. ರಸ್ತೆ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

ಮನೆಗೆ ಬಂದು ಮಾಡಲು ಕೆಲಸ ಬೇಕಾದಷ್ಟಿತ್ತು. ಮಾಡಲಿಲ್ಲ.

ಸಂಜೆ ಬಂದವಳನ್ನು ಕೇಳಿದೆ, "ಹೇಗಾಯ್ತು ಇವತ್ತು?"

"ಚೆನ್ನಾಗಾಯ್ತು ಅತ್ತೆ."

ಸುಳ್ಳು ಹೇಳುವುದಕ್ಕೂ ಬರುವುದಿಲ್ಲ ಇವಳಿಗೆ. ಕಿವಿ ಕೆಂಪಾಗುತ್ತದೆ.

ಫೆಬ್ರವರಿ 27, ಸೋಮವಾರ

ಇವತ್ತು ಉದ್ದ ಬರೆಯಬೇಕು. ಕೈ ನೋಯಲಿ.

ಅವಳು ಕೆಲಸ ಮುಗಿಸಿ ಬಂದು ಮುಖ ತೊಳೆಯುವುದರೊಳಗೆ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದೆ. ಸೈಕಲ್ಲು ಹಿಡಿ, ನಡಿ ಅಂದೆ. ಎಲ್ಲಿಗೆ ಅಂದಳು. ಸಂತೆಗೆ, ನಿನ್ನನ್ನು ಮಾರೋದಕ್ಕೆ ಅಂದೆ.

ಅಂಗಡಿ ಮುಟ್ಟಿದವಳೇ ನೋಡೋಣಪ್ಪನಿಗೆ, "ಆ ಹಕ್ಕಿ ಚಕ್ರ ತೆಗಿ. ಬೋಳು ಚಕ್ರ ಹಾಕು" ಅಂದೆ.

ಸೊಸೆ ಹ್ಯಾಂಡಲ್ಲು ಬಿಡಲಿಲ್ಲ. "ಬೇಡ ಅತ್ತೆ. ಇನ್ನೇನು ಒಂದು ವಾರ, ಹೇಗೋ ಓಡ್ತೀನಿ" ಅಂದವಳು ನಾಲಿಗೆ ಕಚ್ಚಿಕೊಂಡಳು.

"ಓಡೋದು ಗೊತ್ತು. ನೋಡಿದೀನಿ. ಸೈಕಲ್ಲಿಗೇ ನೀನು ಎಳೆಯೋ ಕುದುರೆ ಆಗಿದೀಯ. ಬಿಡು ಕೈ."

"ಮಾವನ ಸೈಕಲ್ಲು ಅತ್ತೆ. ಹಕ್ಕಿ ಇಲ್ಲದೆ..."

"ನಿಮ್ಮ ಮಾವ ಹಕ್ಕಿ ತೋರಿಸಿ ಸಂಬಳ ತಂದರಾ? ತುಳಿದು ತಂದರು. ಬಿಡು ಅಂದೆ."

ಬಿಟ್ಟಳು. ನೋಡೋಣಪ್ಪ ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡಿ, ಜೀವಮಾನದಲ್ಲಿ ಮೊದಲ ಸಲ ನೋಡೋಣ ಅನ್ನದೆ ಪಾನಾ ತೆಗೆದುಕೊಂಡ. ಚಕ್ರ ಬಿಚ್ಚಿ ಬಂತು. ಪೆಡಲಿನ ಕೋಲಿಗೆ ಬರೀ ಬೋಲ್ಟಿನಲ್ಲಿ ಕೂತಿತ್ತು. ಇಷ್ಟು ವರ್ಷ ಕೂತದ್ದು ಇಷ್ಟು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮನೆಗೆ ಒಯ್ಯಿರಿ ಅಜ್ಜಿ, ಗೋಡೆಗೆ ಹಾಕ್ಕೊಳ್ಳಿ ಎಂದು ಒರೆಸತೊಡಗಿದ. ಸೈಕಲ್ಲಿನ ಸೀಟಿನಡಿ ಸಿಕ್ಕಿಸಿದ್ದ ನಮ್ಮದೇ ಬಟ್ಟೆ, ನಾನೇ ಹರಿದುಕೊಟ್ಟ ಶರ್ಟು. ಅವನ ಕೈಯಲ್ಲಿದ್ದದ್ದು ಕಾಲರಿನ ತುಂಡು.

ಅವರ ಗಡ್ಡ ಎಂದರೆ ಗಡ್ಡವಲ್ಲ, ಪೊರಕೆ. ಯಾವ ಶರ್ಟಾದರೂ ಕಾಲರಿನ ಮಡಿಕೆ ಮೊದಲು ತೇಯುತ್ತಿತ್ತು. ನಾನು ಕಾಲರು ಬಿಚ್ಚಿ, ತಿರುಗಿಸಿ, ಒಳಮುಖ ಮೇಲೆ ಮಾಡಿ ಹೊಲಿಯುತ್ತಿದ್ದೆ. ಮತ್ತೆ ಅಷ್ಟೇ ಕಾಲ ಬರುತ್ತಿತ್ತು. ಈ ತುಂಡಿನಲ್ಲೂ ನನ್ನ ಹೊಲಿಗೆ ಇತ್ತು.

"ಏ, ಕೊಡು ಇಲ್ಲಿ" ಎಂದು ಚಕ್ರ ಕಿತ್ತುಕೊಂಡೆ. ಬೆಳಕಿಗೆ ಹಿಡಿದೆ. ಹಲ್ಲುಗಳು ತೇದಿರುವುದು ಒಂದೇ ಪಕ್ಕ, ಚೈನು ಎಳೆಯುವ ಪಕ್ಕ. ಇನ್ನೊಂದು ಪಕ್ಕ ಹೊಸ ಸೊಸೆಯ ಹಾಗೆ ನೆಟ್ಟಗೆ ನಿಂತಿದೆ.

"ಇದನ್ನ ತಿರುಗಿಸಿ ಹಾಕಿದ್ರೆ?" ಅಂದೆ.

"ಯಾವುದನ್ನ?"

"ಚಕ್ರವನ್ನಪ್ಪಾ. ಕಾಲರು ತಿರುಗಿಸಿದ ಹಾಗೆ. ಒಳಗಿನದು ಹೊರಗೆ, ಹೊರಗಿನದು ಒಳಗೆ. ಆಗ ತೇಯದ ಪಕ್ಕ ಎಳೆಯುತ್ತಲ್ಲ?"

ಅದನ್ನು ನನ್ನ ಕೈಯಿಂದ ಇಸಿದುಕೊಂಡ. ಚಕ್ರ ತಿರುಗಿಸಿ ನೋಡಿದ, ಬೋಲ್ಟಿನ ತೂತುಗಳಿಗೆ ಹಿಡಿದು ನೋಡಿದ. "ನಮ್ಮಪ್ಪ ಮಾಡ್ತಿದ್ದ ಕಣಜ್ಜಿ ಇದನ್ನ! ಈಗ ಯಾರೂ ಮಾಡಿಸಲ್ಲ, ಎಲ್ಲರೂ ಹೊಸದೇ ಕೇಳ್ತಾರೆ. ನನಗೆ ಮರೆತೇ ಹೋಗಿತ್ತು" ಅಂದ.

"ಕೂರುತ್ತಾ?"

"ನೋಡೋಣ" ಅಂದ. ಅಂತೂ ಮನುಷ್ಯನಿಗೆ ಜೀವ ಬಂತು.

ಕೂತಿತು. ಹಿಂದೆ ಹೊಸ ಬಿಲ್ಲೆ, ನಾನು ಡಬ್ಬಿ ಸಮೇತ ತಂದಿದ್ದ ಹೊಸ ಚೈನು. ಬೆರಳಲ್ಲಿ ಹಿಡಿದು ನಾನೇ ಎಳೆದು ನೋಡಿದೆ. ಚೈನು ಅಲ್ಲಾಡಲಿಲ್ಲ, ಬೆಳಕು ಕಾಣಿಸಲಿಲ್ಲ. ಹಕ್ಕಿ ಮಾತ್ರ ಹಿಂದುಮುಂದಾಗಿದೆ. ಮೊದಲು ಕೊಕ್ಕು ಮುಂದೆ ಮಾಡಿ ಹೋಗುತ್ತಿದ್ದದ್ದು ಈಗ ಬಾಲ ಮುಂದೆ ಮಾಡಿ ಹೋಗುತ್ತದೆ.

"ಅಯ್ಯೋ, ಪಾಪ ಅತ್ತೆ, ಅದಕ್ಕೆ ದಾರಿ ಕಾಣಲ್ಲ" ಅಂದಳು ಸೊಸೆ.

"ದಾರಿ ನೋಡೋದಕ್ಕೆ ನೀನಿದೀಯ. ಅದು ಮನೆ ಕಡೆ ನೋಡ್ತಾ ಕೂರಲಿ."

ಫೆಬ್ರವರಿ 28, ಮಂಗಳವಾರ

ಶಾಲೆಯ ಗೇಟಿನ ಕಲ್ಲಿನ ಮೇಲೆ ಕೂತಿದ್ದೆ. ಮಂಡಿ ನೋವು ಇನ್ನೂ ಇದೆ. ಏರಿನಲ್ಲಿ ಎದ್ದು ನಿಂತು ತುಳಿದಳು. ಹತ್ತಿದಳು. ಪುಟ್ಟಿಯ ಕ್ಲಾಸಿನ ಮಕ್ಕಳು ಕಿಟಕಿಯಿಂದ ಹೋ ಎಂದರು. ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸು ಯಾರದು ಅಂದಳು. ನಮ್ಮ ಹುಡುಗಿ ಅಂದೆ.

ತುಳಿಯುವಾಗ ಬೆನ್ನು ಸ್ವಲ್ಪ ನೆಟ್ಟಗಿಟ್ಟುಕೊಂಡರೆ ಇನ್ನೂ ಚೆಂದ. ಹೇಳಬೇಕು.

ಮಾರ್ಚ್ 6, ಸೋಮವಾರ

ಬೆರಳು ಪೂರ್ತಿ ಮಡಚಲು ಬರುತ್ತಿದೆ. ಇನ್ನು ಬರೆಯದಿದ್ದರೂ ನಡೆಯುತ್ತದೆ ಅಂದರು ಡಾಕ್ಟರು. ಇವತ್ತಿನದೊಂದು ಬರೆದುಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡರೆ ನಿದ್ದೆ ಬರುವುದಿಲ್ಲ.

ಸಂಜೆ ಅಡುಗೆಮನೆಯಲ್ಲಿ ಡಬ್ಬಿ ಒರೆಸುತ್ತಿದ್ದೆ. ಕಿವಿ ಬೀದಿಯ ಕಡೆಗೇ ಇತ್ತು. ಇವತ್ತು ತಿಂಗಳು ಮುಗಿದು ಮೇಡಂ ತೀರ್ಮಾನ ಹೇಳುವ ದಿನ. ಹೊತ್ತಾಯಿತು, ಸದ್ದಿಲ್ಲ. ಬೆಳಕು ಇಳಿಯಿತು, ಸದ್ದಿಲ್ಲ. ಇನ್ನೇನು ಚಪ್ಪಲಿ ಮೆಟ್ಟಿ ಹೊರಡಬೇಕು ಎಂದು ತಿರುಗುತ್ತೇನೆ, ಬೆನ್ನ ಹಿಂದೆಯೇ "ಅತ್ತೆ" ಅಂದಳು. ಕೈಯಲ್ಲಿದ್ದ ಡಬ್ಬಿ ನೆಲಕ್ಕೆ ಬಿತ್ತು.

"ಕಳ್ಳಿ ಹಾಗೆ ಬರ್ತೀಯಲ್ಲೇ! ಎದೆ ಒಡೆದುಹೋಗಿದ್ರೆ? ಯಾವಾಗ ಬಂದೆ?"

"ಈಗ ತಾನೆ. ಸೈಕಲ್ಲು ಸದ್ದೇ ಮಾಡಲ್ಲ ಅತ್ತೆ ಈಗ."

"ಮೇಡಂ ಏನಂದಳು, ಅದನ್ನ ಹೇಳು ಮೊದಲು."

"ಖಾಯಂ ಮಾಡಿದ್ರು."

"ಮಾಡದೆ ಏನು ಮಾಡ್ತಾಳೆ? ನಿನ್ನ ಹಾಗೆ ಓಡೋರು ಬೇರೆ ಸಿಗಬೇಕಲ್ಲ" ಅಂದೆ. ಅವಳು ಡಬ್ಬಿ ಎತ್ತಿಟ್ಟು, ಒಲೆಯ ಕಡೆ ನೋಡಿದಳು. ಒಲೆ ತಣ್ಣಗಿತ್ತು. ಅದು ನನ್ನ ತಪ್ಪೇ? ಇಷ್ಟು ದಿನ ತಿರುವಿನಲ್ಲಿ ಕಟಕ್ ಎಂದ ಕೂಡಲೇ ನೀರಿಟ್ಟರೆ, ಅವಳು ಕೈ ತೊಳೆದು ಬರುವಷ್ಟರಲ್ಲಿ ಟೀ ಆಗಿರುತ್ತಿತ್ತು. ಈಗ ಆ ದರಿದ್ರ ಸದ್ದು ನಿಂತಮೇಲೆ ಯಾವಾಗ ಇಡಬೇಕೆಂದೇ ಗೊತ್ತಾಗುವುದಿಲ್ಲ. ಮೊದಲೇ ಇಟ್ಟರೆ ಕುದಿದು ಬತ್ತುತ್ತದೆ, ಆಮೇಲೆ ಇಟ್ಟರೆ ದಣಿದು ಬಂದವಳು ಕಾಯಬೇಕು.

"ನಾಳೆಯಿಂದ ತಿರುವಿನಲ್ಲಿ ಬೆಲ್ಲು ಹೊಡಿ" ಅಂದೆ.

ಟೀ ಪಾತ್ರೆಗೆ ಕೈ ಹಾಕಿದವಳು ತಿರುಗಿ, ಮೆಲ್ಲಗೆ, "ಎಷ್ಟು ಸಲ ಅತ್ತೆ?" ಅಂದಳು.

"ಎರಡು ಸಲ. ಅದನ್ನೂ ನಾನೇ ಹೇಳಿಕೊಡಬೇಕಾ?"